ಹದಿನಾರೂವರೆ ಕಿಲೋದ ಕಟ್ಲಾ

ನಾನು ಅವರನ್ನು ಮೊದಲ ಸಲ ನೋಡಿದ್ದು ಕುರಕುಂಟಾದಲ್ಲಿ, ನನ್ನ ತವರುಮನೆಯ ಅಂಗಳದಲ್ಲಿ. ಹೆಣ್ಣು ನೋಡಲು ಬಂದಿದ್ದರು. ಆದರೆ ನನಗಿಂತ ಮೊದಲು ಅವರ ಕಣ್ಣಿಗೆ ಬಿದ್ದದ್ದು ನಮ್ಮಪ್ಪನ ಟಗರು.

ಸೇಡಂ ಸಂತೆಗೆ ಒಯ್ಯಬೇಕೆಂದು ಅಪ್ಪ ಅದನ್ನು ಬೇವಿನ ಗಿಡದ ಕೆಳಗೆ ಕಟ್ಟಿದ್ದ. ಬಂದವರು ಕೈಕಾಲು ತೊಳೆದು ಚಾಪೆಯ ಮೇಲೆ ಕೂತರು. ಇವರೊಬ್ಬರು ಮಾತ್ರ ಟಗರಿನ ಹತ್ತಿರ ಹೋದರು. ಒಂದು ಕೈ ಅದರ ಎದೆಯ ಕೆಳಗೆ, ಒಂದು ಕೈ ಹಿಂಗಾಲಿನ ಮುಂದೆ ಹಾಕಿ ಎತ್ತಿದರು. ಒಂದು ಗಳಿಗೆ ಹಾಗೇ ಹಿಡಿದುಕೊಂಡು ನಿಂತು, ಮೆಲ್ಲಗೆ ಇಳಿಸಿ, "ಮೂವತ್ತೊಂದು ಕಿಲೋ" ಎಂದರು.

"ಮೂವತ್ತೈದಕ್ಕ ಕಮ್ಮಿ ಇಲ್ಲಪ" ಎಂದ ಅಪ್ಪ.

"ತುಪ್ಪಳ ಭಾಳ ಅದರಿ ಮಾಮಾ. ಮೈ ಕಮ್ಮಿ."

ನಮ್ಮ ಸೋದರತ್ತೆ ದಾನಮ್ಮ ಸುಮ್ಮನಿರುವ ಹೆಂಗಸಲ್ಲ. ಒಳಗಿನಿಂದಲೇ ಕೂಗಿದಳು: "ಯಪ್ಪಾ, ಹೆಣ್ಣು ನೋಡ್ಲಿಕ್ಕಿ ಬಂದಿಯೋ, ಟಗರಿನ ಯಾಪಾರಕ್ಕ ಬಂದಿಯೋ? ಇನ್ನ ನಮ್ಮ ಹುಡುಗಿನ್ನೂ ಎತ್ತಿ ನೋಡ್ತೀನಿ ಅಂದಿ ಮತ್ತ!"

ಅಂಗಳವೆಲ್ಲ ನಕ್ಕಿತು. ಇವರು ಕಿವಿಯವರೆಗೂ ಕೆಂಪಾಗಿ ಬಂದು ಚಾಪೆಯ ತುದಿಯಲ್ಲಿ ಕೂತರು. ನಾನು ಬಾಗಿಲ ಹಿಂದೆ ಚಹಾದ ತಾಟು ಹಿಡಿದು ನಿಂತಿದ್ದೆ. ನಗು ತಡೆಯಲು ಹೋಗಿ ಅರ್ಧ ಚಹಾ ತಾಟಿಗೇ ಚೆಲ್ಲಿತು. ಸೋಮವಾರ ಸಂತೆಯಲ್ಲಿ ಟಗರನ್ನು ಕಾಟಾಕ್ಕೆ ಹಾಕಿದಾಗ ಮೂವತ್ತೊಂದರ ಮೇಲೆ ಒಂದು ಚೂರು ಬಂತಂತೆ. ಅಪ್ಪ ಮನೆಗೆ ಬಂದು ಪಂಚೆ ಕೊಡವುತ್ತ, "ಹುಡುಗ ಅಂದದ್ದು ಖರೇ ಆಯ್ತು" ಎಂದಷ್ಟೇ ಹೇಳಿದ. ನನ್ನ ಮದುವೆ ಅಲ್ಲಿಗೆ ಗೊತ್ತಾಯಿತು.

ಅವರ ಹೆಸರು ಚಂದ್ರಾಮ. ಬದುಕಿರುವವರೆಗೆ ನಾನು ಹೆಸರು ಹಿಡಿದು ಕರೆದವಳಲ್ಲ. ಇಲ್ಲಿಯೂ ಇದೊಂದು ಸಲ ಬರೆದು, ಇನ್ನು ಮುಂದೆ ನಮ್ಮವರು ಎಂದೇ ಬರೆಯುತ್ತೇನೆ.

ನಮ್ಮವರು ಶಹಾಬಾದಿನ ಕಲ್ಲಿನ ಖಣಿಯಲ್ಲಿ ಕೆಲಸ ಮಾಡುತ್ತಿದ್ದರು. ನೆಲಕ್ಕೆ ಹಾಸುವ ಫರಸಿ ಕಲ್ಲು ಅಲ್ಲಿ ಪದರು ಪದರಾಗಿ ಇರುತ್ತದೆ, ತಾಟಿನಲ್ಲಿ ರೊಟ್ಟಿ ಒಟ್ಟಿದ ಹಾಗೆ. ಉಳಿ ಇಟ್ಟು ಮೆಲ್ಲಗೆ ಬಡಿದು ಒಂದೊಂದೇ ಪದರು ಎಬ್ಬಿಸಬೇಕು, ಎತ್ತಿ ಮೇಲಕ್ಕೆ ಸಾಗಿಸಬೇಕು. ಹಗಲೆಲ್ಲ ಕಲ್ಲು ಎತ್ತಿದ ಕೈಗೆ ತೂಕ ತಾನಾಗಿಯೇ ತಿಳಿಯುತ್ತಿತ್ತು. ಒಂದು ಫೂಟ್ ಉದ್ದ, ಒಂದು ಫೂಟ್ ಅಗಲ, ಒಂದು ಇಂಚು ದಪ್ಪದ ಫರಸಿ ಆರು ಕಿಲೋ. ಇದು ಅವರಿಗೆ ಮಗ್ಗಿ ಇದ್ದ ಹಾಗೆ. ಉಳಿದದ್ದೆಲ್ಲವನ್ನೂ ಇದರ ಮೇಲೆಯೇ ಅಳೆಯುತ್ತಿದ್ದರು. ಕುಂಬಳಕಾಯಿ ತಂದರೆ "ಅರ್ಧ ಫೂಟ್ ಫರಸಿ ಅದ" ಎನ್ನುವರು. ಗ್ಯಾಸಿನ ಸಿಲಿಂಡರ್ ಬಂದರೆ ಬಾಗಿಲಲ್ಲೇ ಎತ್ತಿ ನೋಡಿ, ತಂದವನ ಮುಖ ನೋಡುವರು. ನಮ್ಮ ಮಗಳು ಪೂನಮ್ ಹುಟ್ಟಿದಾಗ ನರ್ಸಮ್ಮ ತೂಗಿ ಎರಡು ಕಿಲೋ ಆರುನೂರು ಎಂದಳು. ಇವರು ಕೂಸನ್ನು ಎರಡೂ ಕೈಯಲ್ಲಿ ಹಿಡಿದು, "ಇಲ್ಲರಿ ಅವ್ವಾರ, ಎರಡೂ ಮುಕ್ಕಾಲು ಅದ. ನಿಮ್ಮ ಕಾಟಾ ಜರಾ ನೋಡ್ರಿ" ಎಂದರು. ನರ್ಸಮ್ಮ ಬೈದು ಹೊರಗೆ ಕಳಿಸಿದಳು. ಹೊರಗೆ ಹೋಗುವಾಗಲೂ ಎರಡೂ ಮುಕ್ಕಾಲು ಎಂದೇ ಹೇಳುತ್ತ ಹೋದರು.

ಅವರ ಗೆಳೆಯರು ಶೌಕತ ಅಲಿ. ನಾನು ಶೌಕತಭಾಯಿ ಎನ್ನುತ್ತಿದ್ದೆ. ಅವರು ಪಾಲಿಶ್ ಮಷೀನಿನ ಮೇಲೆ ಕೆಲಸಕ್ಕಿದ್ದರು. ನಮ್ಮವರು ಎಬ್ಬಿಸಿದ ಒರಟು ಕಲ್ಲು ಅವರ ಮಷೀನಿಗೆ ಹೋಗಿ, ನೀರು ಸುರಿಯುತ್ತ ತಿರುಗುವ ಚಕ್ರದ ಕೆಳಗೆ ಸವೆದು, ಮುಖ ಕಾಣುವ ಹಾಗೆ ಆಗಿ ಹೊರಗೆ ಬರುತ್ತಿತ್ತು. ಸಂಜೆ ಇಬ್ಬರೂ ಮನೆಗೆ ಬರುವಾಗ ಒಬ್ಬರು ಬಿಳಿ ಧೂಳು, ಒಬ್ಬರು ಬೂದಿ ಬಣ್ಣದ ರಾಡಿ. ಓಣಿಯ ಹುಡುಗರು ದೂರದಿಂದಲೇ ಇದು ಯಾರು, ಅದು ಯಾರು ಎಂದು ಗುರುತು ಹಿಡಿಯುತ್ತಿದ್ದರು.

ಇಬ್ಬರಿಗೂ ಗಾಳದ ಹುಚ್ಚು. ನಮ್ಮ ಓಣಿಯ ಹಿಂದೆ ಹಳೆಯ ಖಣಿಯೊಂದಿದೆ. ಕಲ್ಲು ಮುಗಿದ ಮೇಲೆ ಬಿಟ್ಟದ್ದು, ಮಳೆನೀರು ತುಂಬಿ ಕೆರೆಯಂತಾಗಿದೆ. ಯಾರೋ ಎಂದೋ ಅದರಲ್ಲಿ ಮೀನಿನ ಮರಿ ಬಿಟ್ಟಿದ್ದರು. ಶುಕ್ರವಾರ ರಜೆ. ಶೌಕತಭಾಯಿ ನಮಾಜು ಮುಗಿಸಿ ಟೋಪಿ ಜೇಬಿಗೆ ಹಾಕಿಕೊಂಡು ನೇರವಾಗಿ ನಮ್ಮ ಮನೆಗೆ ಬರುವರು. ನಾನು ಜೋಳದ ಹಿಟ್ಟು, ಶೇಂಗಾ ಹಿಂಡಿ, ಚೂರು ಬೆಲ್ಲ ಹಾಕಿ ನಾದಿದ ಉಂಡೆ ಕೊಡುತ್ತಿದ್ದೆ. ಅದು ಗಾಳಕ್ಕೆ.

"ಭಾಭಿ, ಈ ಉಂಡಿ ಮೀನಿಗೆ ಯಾಕ, ನನಗೇ ಕೊಡ್ರಿ" ಎನ್ನುವರು ಶೌಕತಭಾಯಿ.

"ತಿನ್ನು. ಆಮ್ಯಾಲ ನಿನ್ನನ್ನೇ ಎಳದು ದಂಡಿಗೆ ಹಾಕ್ತೀನಿ" ಎನ್ನುವರು ನಮ್ಮವರು.

ಒಂದೊಂದು ವರ್ಷ ಬುತ್ತಿ ಕಟ್ಟಿಕೊಂಡು ಚಿಂಚೋಳಿಯ ಕಡೆಗೂ ಹೋಗುತ್ತಿದ್ದರು. ಬರುವಾಗ ಬಸ್ಸಿನಲ್ಲಿ ಮೀನಿನ ವಾಸನೆಗೆ ಜನ ಬೈದರೆಂದು ನಗುತ್ತ ಬರುತ್ತಿದ್ದರು. ಹಿಡಿದದ್ದು ಹೆಚ್ಚಲ್ಲ. ಹೇಳಿದ್ದು ಹೆಚ್ಚು.

ದೊಡ್ಡ ಮೀನು ಸಿಕ್ಕದ್ದು ಜಬೀನಾಳ ಮಂಗನಿಯ, ಅಂದರೆ ಮದುವೆ ನಿಶ್ಚಯದ ದಿನ. ಜಬೀನಾ ಶೌಕತಭಾಯಿಯ ಒಬ್ಬಳೇ ಮಗಳು, ನನ್ನ ಕಂಕುಳಲ್ಲಿ ಬೆಳೆದವಳು. ವಾಡಿಯಿಂದ ಬೀಗರು ಸಂಜೆಗೆ ಬರುವವರಿದ್ದರು. ಅಡುಗೆ ನಡೆದಿತ್ತು. ಗಂಡಸರಿಗೆ ಮನೆಯಲ್ಲಿ ಕೆಲಸವಿಲ್ಲವೆಂದು ಇವರಿಬ್ಬರನ್ನೂ ಹೊರಗೆ ಹಾಕಿದ್ದೆವು. ಹೋದವರು ಖಣಿಗೇ ಹೋಗಿದ್ದರು. ಮಧ್ಯಾಹ್ನ ನಮ್ಮವರ ಫೋನು ಬಂತು. ಏದುಸಿರು.

"ಎರಡು ಗೋಣಿ ಚೀಲ ತಗೊಂಡು ಲಗೂ ಬಾ. ಮತ್ತ ಹಗ್ಗ."

ಹೋಗಿ ನೋಡಿದರೆ ದಂಡೆಯ ಮೇಲೆ ಒಂದು ಕಟ್ಲಾ. ನಾನು ಅಷ್ಟು ದೊಡ್ಡ ಮೀನನ್ನು ಅದಕ್ಕೂ ಮೊದಲು ನೋಡಿಲ್ಲ, ಆಮೇಲೂ ನೋಡಿಲ್ಲ. ತಲೆಯೇ ನಮ್ಮ ರೊಟ್ಟಿ ಬುಟ್ಟಿಯಷ್ಟಿತ್ತು. ಒಂದೊಂದು ಪೊರೆ ಹಳೆಯ ರೂಪಾಯಿಯಷ್ಟಗಲ. ಇಬ್ಬರೂ ಸೊಂಟದವರೆಗೆ ತೊಯ್ದು, ನಗುತ್ತ, ನಡುಗುತ್ತ ನಿಂತಿದ್ದರು. ಗಾಳ ನಮ್ಮವರದು. ನೀರಿಗಿಳಿದು ಕಿವಿರಿಗೆ ಕೈ ಹಾಕಿ ದಂಡೆಗೆ ತಂದವರು ಶೌಕತಭಾಯಿ.

"ಎಷ್ಟ್ ಇರಬೇಕಲೇ?" ಎಂದರು ಶೌಕತಭಾಯಿ.

ಕಾಟಾ ಇದ್ದದ್ದು ಪೇಟೆಯ ಮೀನಿನ ಅಂಗಡಿಯಲ್ಲಿ. ಅಲ್ಲಿಗೆ ಒಯ್ದು ತೂಗಿಸಿ ತರುವಷ್ಟು ಹೊತ್ತಿರಲಿಲ್ಲ. ಬೀಗರು ಬರುವುದರೊಳಗೆ ಕೊಯ್ದು ಬೇಯಿಸಬೇಕು, ಅದೂ ಬಿರುಬೇಸಿಗೆ. ಆದರೆ ತೂಕ ತಿಳಿಯದೆ ಕೊಯ್ಯಲು ಇಬ್ಬರಿಗೂ ಮನಸ್ಸಿಲ್ಲ.

ನಮ್ಮವರು ಬಿದಿರಿನ ಗಳ ತಂದರು. ದಾರವನ್ನು ಗಳದುದ್ದಕ್ಕೆ ಹಿಡಿದು, ಅದನ್ನೇ ಮಡಚಿ ನಟ್ಟನಡುವೆ ಗುರುತು ಮಾಡಿ, ಅಲ್ಲಿಗೆ ಹಗ್ಗ ಕಟ್ಟಿ ಬೇವಿನ ಟೊಂಗೆಗೆ ತೂಗುಬಿಟ್ಟರು. ತಕ್ಕಡಿಯಾಯಿತು. ನಾನು ತಂದ ಎರಡೂ ಚೀಲ ನೀರಲ್ಲಿ ಅದ್ದಿಸಿದರು. ಒಂದು ಹಸಿ ಒಂದು ಒಣಗಿದ್ದಾದರೆ ಲೆಕ್ಕ ಕೆಡುತ್ತದೆ. ಒಂದರಲ್ಲಿ ಮೀನು. ಇನ್ನೊಂದರಲ್ಲಿ ಕಲ್ಲು. ಹತ್ತಿರದ ಫರಸಿ ಅಂಗಡಿಯ ಹಿಂದೆ ಬಿದ್ದಿದ್ದ ಪಾಲಿಶ್ ಕಲ್ಲಿನ ತುಂಡುಗಳನ್ನು ಆರಿಸಿ ತಂದಿದ್ದರು. ಎಲ್ಲವೂ ಒಂದಿಂಚಿ ಎಂದು ಮಾರುವ ಕಲ್ಲೇ. ಮೊದಲು ಎರಡು ಫೂಟಿನದು ಹಾಕಿದರು, ಗಳ ಮೀನಿನ ಕಡೆಗೇ ವಾಲಿತು. ಅರ್ಧ ಫೂಟಿನದು ಸೇರಿಸಿದರು, ಇನ್ನೂ ಸ್ವಲ್ಪ ವಾಲಿತ್ತು. ಕಾಲು ಫೂಟಿನ ತುಂಡು ಹಾಕಿದಾಗ ಗಳ ನೆಟ್ಟಗೆ ನಿಂತಿತು. ಗಾಳಿಯೂ ಇರಲಿಲ್ಲ. ಮೂವರೂ ಉಸಿರು ಹಿಡಿದು ನೋಡಿದೆವು.

"ಎರಡೂ ಮುಕ್ಕಾಲು ಫೂಟ್. ಆರ್ಲೇ ಹದಿನಾರೂವರೆ" ಎಂದರು ನಮ್ಮವರು. "ಹದಿನಾರೂವರೆ ಕಿಲೋ!"

ಶೌಕತಭಾಯಿ ತಲೆ ಕೆರೆದುಕೊಂಡರು. ಅವರದು ಬೇರೆ ಲೆಕ್ಕ. ಅವರನ್ನು ಸಾಕಿದ ಸೋದರಮಾವ ಭೀಮಾ ನದಿಯಲ್ಲಿ ಮೀನು ಹಿಡಿಯುತ್ತಿದ್ದವರು. ಮೀನಿನ ಹೊಟ್ಟೆಯ ದಪ್ಪ ಭಾಗಕ್ಕೆ ದಾರ ಸುತ್ತಿ, ಆ ದಾರವನ್ನು ಗೇಣಿನಿಂದ ಅಳೆಯುತ್ತಿದ್ದರು. ಕಟ್ಲಾ ಆದರೆ, ಮೂರು ಗೇಣು ಬಂದರೆ ಹದಿನಾಲ್ಕು ಕಿಲೋ, ಅದರ ಮೇಲೆ ಬೆರಳಿಗೊಂದು ಕಿಲೋ. ಶೌಕತಭಾಯಿ ದಾರ ಸುತ್ತಿದರು, ಅಳೆದರು. ಮೂರು ಗೇಣು. ಬೆರಳಿಲ್ಲ.

"ಹದಿನಾಲ್ಕು ಬರ್ತದಲ್ಲೋ ಚಂದ್ರು."

"ಇನ್ನೊಮ್ಮೆ ಅಳಿ."

ಇನ್ನೊಮ್ಮೆ ಅಳೆದರೂ ಅಷ್ಟೇ. ಆಗ ನಕ್ಕರು ಇಬ್ಬರೂ. ಮೀನನ್ನು ಗಳಕ್ಕೆ ಕಟ್ಟಿ ಹೆಗಲ ಮೇಲೆ ಹೊತ್ತು ಓಣಿಯೆಲ್ಲ ತೋರಿಸುತ್ತ ತಂದರು. ಜಬೀನಾ ತನ್ನ ಫೋನಿನಲ್ಲಿ ಫೋಟೋ ತೆಗೆದಳು. ನಮ್ಮವರು ಮೀನನ್ನು ಎರಡೂ ಕೈ ಚಾಚಿ ಮುಂದಕ್ಕೆ ಹಿಡಿದರು. ಫೋಟೋದಲ್ಲಿ ಮೀನು ಕರುವಿನಷ್ಟು ಕಂಡಿತು, ಅವರು ಅದರ ಹಿಂದೆ ಹುಡುಗನಂತೆ ಕಂಡರು.

ಸಂಜೆ ಊಟಕ್ಕೆ ಕೂತಾಗ ಮಾತು ಮತ್ತೆ ಮೀನಿಗೆ ಬಂತು. ಗಂಡಸರ ಸಾಲಿನಲ್ಲಿ ನಮ್ಮವರ ತಾಟಿಗೆ ಮೀನಿನ ತಲೆಯ ಭಾಗ ಬಡಿಸಿದ್ದರು. ಹಿಡಿದವರಿಗೆ ಅದು ಮರ್ಯಾದೆ. ಬೀಗರು ಕೇಳಿದರು, ಎಷ್ಟಿತ್ತು ಎಂದು.

"ಹದಿನಾರೂವರೆ" ಎಂದರು ನಮ್ಮವರು.

"ಹದಿನಾಲ್ಕು" ಎಂದರು ಶೌಕತಭಾಯಿ, ಅದೇ ಹೊತ್ತಿಗೆ.

ಬೀಗರು ತಮಾಷೆಯ ಮನುಷ್ಯ. "ಇದೇನ್ರಿ, ಇಬ್ಬರು ದೋಸ್ತರ ನಡುವ ಎರಡೂವರೆ ಕಿಲೋ ಮೀನು ಯಾರು ನುಂಗಿದ್ರು?" ಎಂದರು. ಇಡೀ ಸಾಲು ನಕ್ಕಿತು. ನಮ್ಮವರು ನಗಲಿಲ್ಲ.

"ಶೌಕತ, ಹೇಳು ಇವರಿಗೆ. ಕಲ್ಲಿಟ್ಟು ತೂಗೀನಿ."

"ತೂಗಿದಿ, ಯಾರ್ ಇಲ್ಲಂದ್ರು? ದಾರ ಹದಿನಾಲ್ಕು ಅಂತದ, ನಾ ಏನ್ ಮಾಡ್ಲಿ?"

"ದಾರ ಬಿಗದು ಸುತ್ತಿದಿ. ಹೊಟ್ಟಿ ಒಳಗ ಹೋಗ್ಯದ."

"ನಮ್ಮ ಮಾಮೂ ಆಯುಷ್ಯ ಪೂರಾ ದಾರ ಸುತ್ತೇ ಮೀನು ಮಾರ್ಯಾರ."

"ನಿಮ್ಮ ಮಾಮೂನ ಹತ್ರ ಕಾಟಾ ಇದ್ದಿಲ್ಲ. ಅದಕ್ಕ ಯಾರೂ ತಪ್ಪು ಹಿಡೀಲಿಲ್ಲ."

ಅದನ್ನು ಅನ್ನಬಾರದಿತ್ತು. ತಂದೆಯಿಲ್ಲದ ಶೌಕತಭಾಯಿಗೆ ಆ ಮಾಮೂನೇ ತಂದೆ. ಕೈಯಲ್ಲಿದ್ದ ತುತ್ತು ತಾಟಿಗೆ ಇಳಿಸಿದರು.

"ಚಂದ್ರು, ನಿನ್ನ ಕೈಯಾಗ ಬಂದದ್ದೆಲ್ಲಾ ನಿನಗ ದೊಡ್ಡದೇ ಕಾಣ್ತದ."

"ಅಂದ್ರ ನಾ ಸುಳ್ಳ ಹೇಳಾಕತ್ತೀನಿ?"

"ನಾ ಅನ್ನಲಿಲ್ಲ. ನೀನೇ ಅಂದಿ."

ನಮ್ಮವರು ಎದ್ದರು. ತಾಟಿಗೆ ಕೈ ಹಚ್ಚಿರಲಿಲ್ಲ. ಹೊಸ ಬೀಗರ ಮುಂದೆ, ಮಂಗನಿಯ ಊಟ ಬಿಟ್ಟು, ಚಪ್ಪಲಿ ಮೆಟ್ಟಿಕೊಂಡು ಹೊರಟುಹೋದರು. ನಾನೂ ಹಿಂದೆ ಹೊರಟೆ. ಶೌಕತಭಾಯಿಯ ಹೆಂಡತಿ ನನ್ನ ಸೆರಗು ಹಿಡಿದಳು. "ನೀನೂ ಹೋದ್ರ ಬೀಗರು ಏನಂದುಕೋತಾರ ಅಕ್ಕಾ? ಹುಡುಗಿ ಮುಖ ನೋಡು." ನೋಡಿದೆ. ಜಬೀನಾಳ ಕಣ್ಣು ತುಂಬಿತ್ತು. ನಿಂತೆ. ಹೆಂಗಸರ ಸಾಲಿನಲ್ಲಿ ಅವಳ ಪಕ್ಕಕ್ಕೆ ಕೂತು ಉಂಡು, ಎಲ್ಲರ ಜೊತೆ ನಗುತ್ತ ಮಾತಾಡಿ, ಆಮೇಲೆ ಮನೆಗೆ ಬಂದೆ. ಜೊತೆಗೆ ಒಂದು ಡಬ್ಬಿಯಲ್ಲಿ ನಮ್ಮವರ ಪಾಲಿನದು ಕಳಿಸಿದ್ದರು. ಅವರು ಮುಚ್ಚಳ ತೆಗೆಯಲಿಲ್ಲ. "ಬಾಜೂ ಮನಿಗೆ ಕೊಟ್ಟು ಬಾ" ಎಂದು ಗೋಡೆಯ ಕಡೆಗೆ ತಿರುಗಿ ಮಲಗಿದರು.

ನಾಲ್ಕು ದಿನಕ್ಕೆ ಸರಿಹೋಗುತ್ತದೆ ಎಂದುಕೊಂಡೆ. ಹೋಗಲಿಲ್ಲ. ಶುಕ್ರವಾರ ಬಂದರೆ ನಾನು ಹಿಟ್ಟು ನಾದಿ ಇಡುತ್ತಿದ್ದೆ, ಯಾರೂ ಬರುತ್ತಿರಲಿಲ್ಲ. ಆಮೇಲೆ ನಾದುವುದನ್ನು ಬಿಟ್ಟೆ. ಜಬೀನಾಳ ಮದುವೆಯ ದಿನ ನಮ್ಮವರು ನನ್ನೊಬ್ಬಳನ್ನೇ ಕಳಿಸಿ ತಾವು ಖಣಿಯ ದಂಡೆಗೆ ಹೋದರು. ಗಾಳ ಒಯ್ಯಲಿಲ್ಲ. ಶೌಕತಭಾಯಿಯ ಹೆಂಡತಿ ತೀರಿಕೊಂಡಾಗ ಮಣ್ಣಿಗೆ ಹೋದರು, ಎಲ್ಲರಿಗಿಂತ ಹಿಂದೆ ನಿಂತು, ಹಿಡಿ ಮಣ್ಣು ಹಾಕಿ ಬಂದರು. ಶೌಕತಭಾಯಿ ನೋಡಿದರಂತೆ. ಮಾತಿಲ್ಲ. ಹೆಂಡತಿ ಹೋದ ಮೇಲೆ ಅವರು ಕೆಲಸ ಬಿಟ್ಟು ವಾಡಿಗೆ, ಮಗಳ ಮನೆಗೆ ಹೋದರು. ಶಹಾಬಾದಿನಿಂದ ವಾಡಿ ಎಷ್ಟು ದೂರ? ರೈಲಿನಲ್ಲಿ ಕೂತು ಸೀಟು ಬೆಚ್ಚಗಾಗುವಷ್ಟರಲ್ಲಿ ಇಳಿಯಬೇಕು. ಆದರೂ ಅದು ನಮಗೆ ಮುಂಬಯಿಗಿಂತ ದೂರವಾಯಿತು.

ಇತ್ತ ಓಣಿಯ ಜನಕ್ಕೆ ಒಂದು ಆಟ ಸಿಕ್ಕಿತ್ತು. ನಮ್ಮವರು ಕಾಯಿಪಲ್ಲೆ ತರಲು ಹೋದರೆ, "ಹದಿನಾರೂವರೆ ಬಂದ್ರು, ಕಾಟಾ ಸರಿಯಾಗಿ ಹಿಡೀಲೇ!" ಎನ್ನುತ್ತಿದ್ದರು. ಅವರು ನಗುತ್ತಿದ್ದರು. ಮನೆಗೆ ಬಂದು ನನ್ನ ಹತ್ತಿರ, "ಕಲ್ಲು ಸುಳ್ಳು ಹೇಳ್ತದೇನು?" ಎಂದು ಕೇಳುತ್ತಿದ್ದರು. ನಾನು ಗಳ ನೆಟ್ಟಗೆ ನಿಂತದ್ದನ್ನು ನೋಡಿದವಳು. ಇಲ್ಲ ಎನ್ನುತ್ತಿದ್ದೆ.

ಧೂಳು ಕುಡಿದ ಎದೆ ಮೊದಲು ಕೆಮ್ಮಿತು, ಆಮೇಲೆ ದಮ್ಮು ಹತ್ತಿತು. ಕೆಲಸ ನಿಂತಿತು. ಅವರು ಕಟ್ಟೆಯ ಮೇಲೆ ಕೂತಿರುತ್ತಿದ್ದರು, ನಾನು ಕಾಳು ಹಸನು ಮಾಡುತ್ತಿದ್ದೆ. ಆ ವರ್ಷ ಮಗಳು, ಅಳಿಯ ಸೇರಿ ನಮ್ಮ ಮನೆಯ ನೆಲಕ್ಕೆ ಫರಸಿ ಹಾಕಿಸಿದರು. ಆಯುಷ್ಯವೆಲ್ಲ ಕಲ್ಲು ಎಬ್ಬಿಸಿದವರ ಮನೆಯಲ್ಲಿ ಅಲ್ಲಿಯವರೆಗೆ ಮಣ್ಣಿನ ನೆಲವೇ ಇತ್ತು. ಒಳಗೆ ಪಾಲಿಶ್ ಕಲ್ಲು, ಹೊರಗಿನ ಕಟ್ಟೆಗೆ ಒರಟು ಕಲ್ಲು. ಎರಡೂ ಒಂದಿಂಚಿ. ಹಾಕಿದವನು ನಮ್ಮ ಓಣಿಯ ಗೌಂಡಿ ಸಂಘಪಾಲ.

ಬಾಗಿಲ ಹತ್ತಿರ ಒಳಗಿನ ಕಲ್ಲು ಹೊರಗಿನ ಕಲ್ಲು ಕೂಡುವ ಕಡೆ ಸಂಘಪಾಲ ಬಗ್ಗಿ ಕೂತಿದ್ದ. ಒಳಗಿನ ಕಲ್ಲಿನ ಕೆಳಗೆ ಒಂದು ಕರಣಿ ಸಿಮೆಂಟು ಹೆಚ್ಚು ಹಾಕುವುದನ್ನು ನಮ್ಮವರು ನೋಡಿದರು.

"ಅಲ್ಲೆ ಯಾಕೋ ಜಾಸ್ತಿ ಹಾಕಾಕತ್ತಿ?"

"ಪಾಲಿಶ್ ಕಲ್ಲಲ್ರಿ ಮಾಮಾ, ತೆಳ್ಳಗಿರ್ತದ. ಹಾಕಲಿಲ್ಲಂದ್ರ ಸಮ ಬರಾಂಗಿಲ್ಲ."

"ಎರಡೂ ಒಂದಿಂಚಿ ಅಂತ ತಂದದ್ದು."

"ಹೆಸರಿಗೆ ಒಂದಿಂಚಿರಿ. ಖಣಿಯಿಂದ ಬಂದಾಗ ಒಂದಿಂಚಿ. ಮಷೀನು ತಿಂದಿದ್ದು ಎಲ್ಲಿ ಹೋಗ್ತದ?"

ಸಂಘಪಾಲ ಕೆಲಸ ಮುಂದುವರಿಸಿದ. ನಮ್ಮವರು ಮೆಲ್ಲಗೆ ಎದ್ದು, ಉಳಿದಿದ್ದ ಪಾಲಿಶ್ ಕಲ್ಲಿನಲ್ಲಿ ಸರಿಯಾಗಿ ಒಂದು ಫೂಟಿನದನ್ನು ಆರಿಸಿ, "ಇದನ್ನ ಕಿರಾಣಿ ಅಂಗಡಿಗೆ ಒಯ್ಯೋಣು, ಬಾ" ಎಂದರು. ಕಲ್ಲು ನಾನು ಹೊತ್ತೆ. ಅಂಗಡಿಯ ಕಾಟಾದ ಮೇಲೆ ಇಟ್ಟಾಗ ಕೆಂಪು ಅಂಕಿ ಬಂತು. ಐದು ಕಿಲೋ ನೂರು ಗ್ರಾಂ.

ಅವರು ಅದನ್ನೇ ನೋಡುತ್ತ ನಿಂತರು. ಬೆರಳು ಮಡಚಿದರು. ಎರಡು ಫೂಟಿಗೆ ಹತ್ತು ಕಿಲೋ ಇನ್ನೂರು, ಅರ್ಧಕ್ಕೆ ಎರಡೂವರೆಯ ಮೇಲೆ ಚೂರು, ಕಾಲು ಫೂಟಿಗೆ ಒಂದೂ ಕಾಲಿನ ಮೇಲೆ ಚೂರು. ಕೂಡಿಸಿದರು.

"ಹದಿನಾಲ್ಕು" ಎಂದರು. ಅಂಗಡಿಯವನು ಏನು ಬೇಕು ಎಂದು ಕೇಳಿದ. ಏನೂ ಬೇಡ ಎಂದು ಹೊರಗೆ ಬಂದು ಮೆಟ್ಟಿಲ ಮೇಲೆ ಕೂತರು. ನಾನೂ ಕೂತೆ.

ಒಬ್ಬರು ಖಣಿಯಲ್ಲಿ ಒರಟು ಕಲ್ಲು ಎತ್ತಿದವರು, ಆರು ಕಿಲೋ ಎಂಬುದು ಅವರ ತೋಳಿಗೆ ಅಂಟಿತ್ತು. ಇನ್ನೊಬ್ಬರು ದಿನಾ ಅದೇ ಕಲ್ಲನ್ನು ಸವೆಸಿ ರಾಡಿ ಮಾಡಿ ಹರಿಸಿದವರು. ಅವತ್ತು ಗಳಕ್ಕೆ ಕಟ್ಟಿದ್ದು ಸವೆದ ಕಲ್ಲು ಎಂಬುದು ಎತ್ತಿದವರಿಗೂ ಹೊಳೆಯಲಿಲ್ಲ, ಸವೆಸಿದವರಿಗೂ ಹೊಳೆಯಲಿಲ್ಲ.

"ಶೌಕತಗ ಹೇಳಬೇಕು" ಎಂದರು.

"ಫೋನ್ ಮಾಡ್ಲೇನ್ರಿ? ಜಬೀನಾನ ನಂಬರ್ ನನ್ನ ಹತ್ರ ಅದ."

"ಫೋನಿನ್ಯಾಗ ಹೇಳೋ ಮಾತಲ್ಲ ಇದು. ಹೋಗಬೇಕು."

ಅವರ ದಮ್ಮು ನೋಡಿ ನನಗೆ ಹೆದರಿಕೆಯಾಗಿತ್ತು. ಆದರೆ ಅದಕ್ಕಿಂತ ದೊಡ್ಡ ಹೆದರಿಕೆ ಇನ್ನೊಂದಿತ್ತು. ಹೇಳದೆಯೇ ಹೋಗಿಬಿಟ್ಟರೆ? ಮರುದಿನ ಬೆಳಗ್ಗೆ ಹೊರಟೆವು. ಸಂಘಪಾಲನಿಂದ ಅಂಗೈಯಗಲದ ಎರಡು ತುಂಡು ಕೊಯ್ಯಿಸಿಕೊಂಡಿದ್ದರು, ಒಂದು ಒರಟು, ಒಂದು ಪಾಲಿಶ್. ಕೈಚೀಲದಲ್ಲಿ ಹಾಕಿ ನಾನು ಹಿಡಿದೆ. ರೈಲಿನಲ್ಲಿ ಕಿಟಕಿಯ ಹತ್ತಿರ ಕೂತು, ಹೊರಗಿನ ಖಣಿಗಳನ್ನು ನೋಡುತ್ತ, ಇಲ್ಲಿ ಮೀನಿದೆ, ಇಲ್ಲಿ ಇಲ್ಲ ಎಂದು ತಮ್ಮಷ್ಟಕ್ಕೆ ಹೇಳಿಕೊಳ್ಳುತ್ತಿದ್ದರು. ವಾಡಿಯಲ್ಲಿ ಮೇಲುಸೇತುವೆ ಹತ್ತುವಾಗ ಮೂರು ಕಡೆ ಕೂತರು. "ವಾಪಸ್ ಹೋಗೋಣೇನ್ರಿ?" ಎಂದೆ. ಕೈಯಿಂದಲೇ ಬೇಡ ಎಂದರು.

ಬಾಗಿಲು ತೆಗೆದವಳು ಜಬೀನಾ. ನೋಡಿ ಬಾಯಿಯ ಮೇಲೆ ಕೈ ಇಟ್ಟುಕೊಂಡಳು. "ಯಾ ಅಲ್ಲಾ! ಚಾಚಾ! ಬರ್ರಿ ಒಳಗ, ಬಾ ಚಾಚಿ..."

ಒಳಗೆ ಮಂಚದ ಮೇಲೆ ಶೌಕತಭಾಯಿ. ಗಡ್ಡ ಪೂರ್ತಿ ಬೆಳ್ಳಗಾಗಿತ್ತು, ಕಣ್ಣಿಗೆ ದಪ್ಪ ಕನ್ನಡಕ. "ಯಾರವ್ವಾ?" ಎಂದರು.

ಜಬೀನಾ ಹೇಳುವ ಮೊದಲೇ ನಮ್ಮವರು ಬಾಗಿಲಲ್ಲಿ ನಿಂತು, "ಹದಿನಾರೂವರೆ" ಎಂದರು.

ಶೌಕತಭಾಯಿ ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡರು. ಆಮೇಲೆ ಚಾಚಿದ್ದ ಕಾಲು ಮಡಚಿ ಮಂಚದ ಮೇಲೆ ಜಾಗ ಮಾಡಿದರು. "ಕುಂದ್ರು" ಎಂದರು. "ಉಸುರು ತಗೋ ಮೊದಲ. ಜಗಳ ಆಮ್ಯಾಲ."

ನಮ್ಮವರು ಉಸಿರು ತೆಗೆದುಕೊಂಡರು. ಕೈಚೀಲದಿಂದ ಎರಡೂ ಕಲ್ಲು ತೆಗೆದು ಒಂದರ ಪಕ್ಕಕ್ಕೊಂದು ಹಾಸಿಗೆಯ ಮೇಲೆ ಇಟ್ಟರು. "ಕೈ ಆಡಿಸು" ಎಂದರು. ಶೌಕತಭಾಯಿ ಹೆಬ್ಬೆರಳಿನಿಂದ ಎರಡೂ ಅಂಚು ಮುಟ್ಟಿ ನೋಡಿದರು. ಒಮ್ಮೆ ಹಿಂದಕ್ಕೆ, ಒಮ್ಮೆ ಮುಂದಕ್ಕೆ.

"ಇದು ಮಷೀನಿಗೆ ಹೋದದ್ದು. ಇದು ಹೋಗದ್ದು."

"ಅವತ್ತು ಗಳಕ್ಕ ಕಟ್ಟಿದ್ದು ಯಾವುದು?"

ಶೌಕತಭಾಯಿಯ ಬೆರಳು ನಿಂತಿತು. ಅವರಿಗೆ ತಿಳಿಯಿತು. ನಮ್ಮವರು ಕಾಯದೆ ಹೇಳಿಬಿಟ್ಟರು: "ನಿನ್ನ ಮಷೀನು ತಿಂದದ್ದು ನಾ ಲೆಕ್ಕಕ್ಕ ಹಿಡೀಲಿಲ್ಲ. ನಿನ್ನೆ ಕಾಟಾಕ್ಕ ಹಾಕಿ ನೋಡಿನಿ. ಮೀನು ಹದಿನಾಲ್ಕೇ ಇತ್ತು. ನಿಮ್ಮ ಮಾಮೂನ ದಾರ ಖರೇ."

ಶೌಕತಭಾಯಿ ತಲೆ ಅಲ್ಲಾಡಿಸಿದರು.

"ಇಲ್ಲ. ಹದಿನಾರೂವರೆ."

"ಏನಂದಿ?"

"ಹದಿನಾರೂವರೆ ಕಿಲೋ ಇತ್ತು."

ಜಬೀನಾ ಗೋಡೆ ಹಿಡಿದು ನಗತೊಡಗಿದಳು. "ಚಾಚಾ, ಈ ಓಣಿಗೆ ಪೂರಾ ಅಬ್ಬಾ ಹಂಗೇ ಹೇಳ್ಯಾರ. ನಮ್ಮ ದೋಸ್ತ ಹಿಡದ ಕಟ್ಲಾ ಹದಿನಾರೂವರೆ ಕಿಲೋ ಇತ್ತು ಅಂತ. ಫೋಟೋ ತೋರಿಸಿ ತೋರಿಸಿ ಹೇಳ್ತಾರ."

"ಮತ್ತ ಅವತ್ತು ಹದಿನಾಲ್ಕು ಅಂದ್ಯಲ್ಲೋ, ಬೀಗರ ಮುಂದ?"

"ಅವತ್ತು ತಲಿ ಇದ್ದಿಲ್ಲ" ಎಂದರು ಶೌಕತಭಾಯಿ. "ನೀ ಎದ್ದು ಹೋದಿ. ನಿನ್ನ ತಾಟು ಹಂಗೇ ಇತ್ತು. ಅದನ್ನ ನೋಡಿಕೋತ ಕುಂತೆ. ಅವತ್ತಿನಿಂದ ಯಾರ್ ಕೇಳಿದ್ರೂ ಹದಿನಾರೂವರೆ."

"ಸುಳ್ಳಲ್ಲೋ ಅದು! ಹದಿನಾಲ್ಕು ಅಂತ ಕಾಟಾನೇ ಹೇಳ್ಯದ."

"ಹೇಳಲಿ. ಮೊಮ್ಮಕ್ಕಳಿಗೆ ಹೇಳಿಬಿಟ್ಟೀನಿ. ಈಗ ನಾ ಬದಲಾಯಿಸಾಂಗಿಲ್ಲ."

"ಹದಿನಾಲ್ಕು!"

"ಹದಿನಾರೂವರೆ!"

ನಮ್ಮವರಿಗೆ ನಗುವೂ ಬಂತು, ಕೆಮ್ಮೂ ಬಂತು. ಶೌಕತಭಾಯಿ ಅವರ ಬೆನ್ನು ಸವರುತ್ತ, ಜಬೀನಾಳಿಗೆ ನೀರು ತಾ ಎಂದು ಕೂಗುತ್ತ, ನಡುನಡುವೆ ಹದಿನಾರೂವರೆ ಎನ್ನುತ್ತಲೇ ಇದ್ದರು. ಸಂಜೆಯ ರೈಲಿಗೆ ಹೊರಡಬೇಕೆಂದು ಬಂದವರು ಅವತ್ತು ಅಲ್ಲಿಯೇ ಉಳಿದೆವು.

ಆಮೇಲೆ ಶುಕ್ರವಾರ ನಮಾಜು ಮುಗಿಸಿ ಶೌಕತಭಾಯಿ ರೈಲು ಹತ್ತಿ ಶಹಾಬಾದಿಗೆ ಬರತೊಡಗಿದರು. ಒಬ್ಬರಿಗೆ ಕಣ್ಣಿಲ್ಲ, ಒಬ್ಬರಿಗೆ ಉಸಿರಿಲ್ಲ. ಖಣಿಯವರೆಗೆ ನಡೆಯಲು ಇಬ್ಬರಿಗೂ ಆಗುತ್ತಿರಲಿಲ್ಲ. ಹೊಸ ಕಟ್ಟೆಯ ಮೇಲೆ ಕೂತು, ಹಾದುಹೋಗುವ ಆಡು, ಚೀಲ, ಕೂಸು, ಎಲ್ಲದಕ್ಕೂ ತೂಕ ಹೇಳುತ್ತ ಕೂತಿರುತ್ತಿದ್ದರು. ಓಣಿಯ ಹೆಂಗಸರು ಬೈಯುತ್ತ ಮಕ್ಕಳನ್ನು ಸೆರಗಿನಲ್ಲಿ ಮುಚ್ಚಿಕೊಂಡು ಓಡುತ್ತಿದ್ದರು. ನಾನು ಎರಡು ಲೋಟ ಚಹಾ ಇಟ್ಟು, ಅವರ ಮಾತು ಕೇಳುತ್ತ ಒಳಗೆ ರೊಟ್ಟಿ ಬಡಿಯುತ್ತಿದ್ದೆ. ಮನೆ ಮತ್ತೆ ಮೊದಲಿನಂತೆ ಕೇಳಿಸುತ್ತಿತ್ತು.

ಹಾಗೆ ಒಂದು ಮಳೆಗಾಲ, ಒಂದು ಚಳಿಗಾಲ ಕಳೆಯಿತು. ಬೇಸಿಗೆಯ ಹೊತ್ತಿಗೆ ನಮ್ಮವರು ಹಾಸಿಗೆ ಹಿಡಿದರು. ಮಾತು ಕಡಿಮೆಯಾಯಿತು. ಒಂದು ಮಾತಾಡಿದರೆ ನಾಲ್ಕು ಉಸಿರು ಬೇಕಿತ್ತು. ಕೊನೆಯ ದಿನವೂ ಶೌಕತಭಾಯಿ ಬಂದಿದ್ದರು. ಬಹಳ ಹೊತ್ತು ಕೈ ಹಿಡಿದು ಕೂತು, ನಾಳೆ ಜಬೀನಾಳನ್ನೂ ಕರೆದುಕೊಂಡು ಬರುತ್ತೇನೆಂದು ಹೇಳಿ ರೈಲಿಗೆ ಹೋದರು.

ನಾನು ಬಟ್ಟಲಿನಲ್ಲಿ ಗಂಜಿ ತಂದು ಅವರ ತಲೆ ಎತ್ತಿ ನನ್ನ ತೋಳಿಗೆ ಒರಗಿಸಿಕೊಂಡೆ. ಎಷ್ಟು ಹಗುರಾಗಿದ್ದರು ಎಂದು ಇಲ್ಲಿ ಬರೆಯುವುದಿಲ್ಲ. ಎರಡು ಚಮಚ ಕುಡಿದರು. ಮೂರನೆಯದು ಬೇಡವೆಂದು ಬಾಯಿ ಮುಚ್ಚಿದರು. ಏನೋ ಕೇಳಬೇಕೆಂದು ನನ್ನನ್ನೇ ನೋಡುತ್ತಿದ್ದರು. ಕಿವಿ ಹತ್ತಿರ ಒಯ್ದೆ.

"ಶಿವಕಾಂತಾ" ಎಂದರು. ನಿಂತು ಉಸಿರು ತೆಗೆದುಕೊಂಡರು. "ಜಬೀನಾನ ಮಂಗನ್ಯಾಗ ನೀ ಉಂಡು ಬಂದಿದ್ದಿ. ನಾ ಉಣಲಿಲ್ಲ."

"ಹೌದ್ರಿ."

ಮತ್ತೆ ಉಸಿರು.

"ಆ ಮೀನು ರುಚಿ ಹೆಂಗಿತ್ತು?"